ಗಾಳಿಯದು ನನ್ನ ತಪ್ಪು, ವಾಲ್ವಿನದಲ್ಲ

ಮಾವನಿಗೆ ನಮಸ್ಕಾರ.

ನೀವು ನನ್ನನ್ನು ಗ್ಯಾರೇಜಿನಿಂದ ಆಚೆ ಹಾಕಿದ ಕಥೆಯನ್ನು ಮೊಟ್ಟಮೊದಲು ಹೇಳಿದವನು ಪಕ್ಕದಂಗಡಿಯ ಪಂಕ್ಚರ್ ಅಣ್ಣ. ಅದೂ ಅದೇ ದಿನ ಸಂಜೆ, ನಾನಿನ್ನೂ ಮನೆ ಮುಟ್ಟುವ ಮೊದಲೇ. ನಾನು ಬಸ್ಸಿಳಿದು ಬಾಗಿಲ ಬೀಗ ತೆಗೆಯುತ್ತಿದ್ದೆ, ಎದುರು ಮನೆಯಾಕೆ ಓಡಿಬಂದು, "ಅಯ್ಯೋ, ಕಾರು ಹೊತ್ತಿಕೊಂಡು ಉರಿದುಹೋಯ್ತಂತಲ್ಲೇ!" ಎಂದಳು. ಉರಿಯುವುದಿರಲಿ, ಹೊಗೆ ಕೂಡ ಬಂದಿರಲಿಲ್ಲ. ಬಂದದ್ದು ಬರೀ ಆವಿ. ಆದರೆ ಆವಿಯ ಕಥೆಯನ್ನು ಯಾರು ಕೇಳುತ್ತಾರೆ? ಈ ಎಂಟು ತಿಂಗಳಲ್ಲಿ ಅದು ಬೆಳೆದು ಹೆಮ್ಮರವಾಗಿದೆ. ಒಂದು ಕಡೆ ನಾನು ನಿಮ್ಮ ಕಾಲಿಗೆ ಬಿದ್ದೆ. ಇನ್ನೊಂದು ಕಡೆ ನೀವು ನನ್ನ ಮೇಲೆ ಜ್ಯಾಕ್ ಎತ್ತಿದಿರಿ. ಹೋದ ತಿಂಗಳು ಕೇಳಿದ್ದರಲ್ಲಂತೂ ಜಗಳಕ್ಕೆ ಕಾರಣವಾದ ನರ್ಸಮ್ಮನ ಕಾರು ಕಣಿವೆಗೇ ಉರುಳಿಹೋಗಿತ್ತು. ಹೇಳುವವನು ಹೇಳುತ್ತಿರುವಾಗಲೇ ನರ್ಸಮ್ಮ ಅದೇ ಕಾರಿನಲ್ಲಿ ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹೋದರು!

ಗುರುವಾರ ಅತ್ತೆ ಬಂದಿದ್ದರು. ನೀವು ಹೇಳಿ ಕಳಿಸಿದ ಮಾತನ್ನು ನಿಮ್ಮ ಕೆಮ್ಮಿನ ಸಮೇತ ಮುಟ್ಟಿಸಿದರು. "ಸೋಮವಾರ ಬರಲಿ. ನಾಲ್ಕು ಜನರ ಮುಂದೆ 'ತಪ್ಪಾಯ್ತು ಮಾವ' ಅಂತ ಒಂದೇ ಒಂದು ಮಾತು ಅನ್ನಲಿ. ಗ್ಯಾರೇಜಿನ ಬೀಗದಕೈ ಅವಳ ಕೈಗೆ ಕೊಟ್ಟು ನಾನು ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ."

ನಾಳೆ ಸೋಮವಾರ. ನಾನು ಬರುವುದಿಲ್ಲ ಮಾವ. ಯಾಕೆ ಬರುವುದಿಲ್ಲ ಎಂದು ಹೇಳುವುದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿ. ಮಧ್ಯದಲ್ಲಿ ಹರಿದುಹಾಕಿದರೆ ಅತ್ತೆಯ ಹತ್ತಿರ ಇನ್ನೊಂದು ಪ್ರತಿ ಇದೆ.

ಆ ಬೀಗದಕೈ ನನಗೆ ಬೇಡವಾಗಿದೆ ಎಂದು ಮಾತ್ರ ತಿಳಿಯಬೇಡಿ. ಬೇಕು. ಒಂಬತ್ತು ವರ್ಷ ಆ ಶಟರನ್ನು ಎತ್ತಿದವಳು ನಾನು. ಲೆಕ್ಕ ಬರೆಯಲೆಂದು ನೀವು ಕರೆತಂದ ತಂಗಿಯ ಮಗಳು ಒಂದು ವಾರದಲ್ಲಿ ಮೇಜು ಬಿಟ್ಟು ಕಾರಿನ ಕೆಳಗೆ ನುಸುಳಿದಾಗ ನೀವು ಬೈಯಲಿಲ್ಲ. "ಬಂದಿದೀಯ ತಾನೆ, ಆ ಹದಿನಾಲ್ಕರ ಸ್ಪ್ಯಾನರ್ ಕೊಡು" ಎಂದಿರಿ, ಅಷ್ಟೆ. ನನಗೆ ಗೊತ್ತಿರುವುದೆಲ್ಲ ನೀವು ಕೊಟ್ಟದ್ದು. ಸಮನೆಲದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ಆಯಿಲ್ ಕಡ್ಡಿ ಎಳೆ. ಬ್ಯಾಟರಿಯ ತುದಿಯಲ್ಲಿ ಬೆಳೆದ ಬಿಳಿ ಹಿಟ್ಟನ್ನು ಬಿಸಿನೀರಲ್ಲಿ ತೊಳೆ, ಚಾಕುವಿನಲ್ಲಿ ಕೆರೆಯಬೇಡ. ಏರ್ ಫಿಲ್ಟರನ್ನು ಕುಟ್ಟಿ ಕುಟ್ಟಿ ಮತ್ತೆ ಅದನ್ನೇ ಹಾಕುವವನ ಗ್ಯಾರೇಜಿಗೆ ಹೋಗಬೇಡ. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಟೈರನ್ನು ಬೈಯಬೇಡ, ಚಕ್ರದ ಅಲೈನ್‌ಮೆಂಟ್ ನೋಡು. ಬ್ರೇಕು ಕಿರುಚುತ್ತದೆಂದು ಹೇಳಿದ ಗಿರಾಕಿಗೆ ನೀವು, "ಎಷ್ಟು ದಿನದಿಂದ ರೇಡಿಯೋ ಜೋರು ಮಾಡ್ಕೊಂಡು ಓಡಿಸ್ತಿದೀರಿ ಸ್ವಾಮಿ?" ಎಂದು ಕೇಳಿದ್ದು ನೆನಪಿದೆಯೇ? ಆತ ಮುಖ ಕೆಂಪು ಮಾಡಿಕೊಂಡು "ಎರಡು ತಿಂಗಳು" ಎಂದಿದ್ದ. ಈಗ ಅದೇ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ಉತ್ತರ ಯಾವಾಗಲೂ ಎರಡು ತಿಂಗಳೇ.

ಇಷ್ಟೆಲ್ಲ ಸರಿಯಾಗಿ ಹೇಳಿಕೊಟ್ಟ ನೀವು ಒಂದನ್ನು ಮಾತ್ರ ತಪ್ಪಾಗಿ ಹೇಳಿಕೊಟ್ಟಿರಿ. ಥರ್ಮೋಸ್ಟಾಟ್ ವಾಲ್ವು.

ಓದಿ ಹೇಳುವಾಗ ಅತ್ತೆಗೂ ಅರ್ಥವಾಗಲಿ ಎಂದು ಬಿಡಿಸಿ ಬರೆಯುತ್ತೇನೆ. ಎಂಜಿನ್ ತಣ್ಣಗಿರುವಾಗ ಈ ವಾಲ್ವು ಮುಚ್ಚಿಕೊಂಡು, ನೀರನ್ನು ರೇಡಿಯೇಟರಿಗೆ ಬಿಡದೆ ಒಳಗೇ ಸುತ್ತಿಸುತ್ತದೆ. ಎಂಜಿನ್ ಹದವಾಗಿ ಬಿಸಿಯಾದ ಮೇಲೆ ತಾನಾಗಿ ತೆರೆದುಕೊಳ್ಳುತ್ತದೆ. ಹಿತ್ತಾಳೆಯ ಒಂದು ಸಣ್ಣ ಬಾಗಿಲು, ಅಷ್ಟೆ. ನಿಮ್ಮ ಗ್ಯಾರೇಜಿಗೆ ಬಂದ ಯಾವ ಕಾರೇ ಆಗಲಿ, ಮೊದಲ ಸರ್ವಿಸಿನಲ್ಲೇ ನೀವು ಆ ಬಾಗಿಲನ್ನು ಕಿತ್ತು ತಂತಿಗೆ ಪೋಣಿಸಿ ಗೋಡೆಗೆ ತೂಗುಹಾಕುತ್ತಿದ್ದಿರಿ. "ಇದು ಕಳ್ಳ. ಯಾವತ್ತೋ ಒಂದಿನ ಮುಚ್ಕೊಂಡು ಕೂತ್ಬಿಡುತ್ತೆ, ನೀರು ಕುದ್ದು ಎಂಜಿನ್ ಹೋಗುತ್ತೆ. ಕಳ್ಳನ್ನ ಯಾರಾದ್ರೂ ಮನೇಲಿ ಇಟ್ಕೋತಾರಾ?" ಗಿರಾಕಿಗಳು ಆ ತಂತಿ ನೋಡಿ, ತಮ್ಮ ಕಾರೂ ಬಚಾವಾಯಿತೆಂದು ಖುಷಿಯಾಗಿ ಹೋಗುತ್ತಿದ್ದರು. ನಾನೇ ಎಷ್ಟು ಕಿತ್ತಿಲ್ಲ! ಆ ತಂತಿಯಲ್ಲಿ ನನ್ನ ಪಾಪವೂ ಇದೆ.

ಹಳೆಯ ಕಾರುಗಳಿಗೆ ಅದರಿಂದ ದೊಡ್ಡ ಕೇಡೇನೂ ಆಗುತ್ತಿರಲಿಲ್ಲವೇನೋ. ಈಗಿನ ಸಣ್ಣ ಸೆಡಾನ್‌ಗಳು ಹಾಗಲ್ಲ. ವಾಲ್ವಿಲ್ಲದೆ ಎಂಜಿನ್ ಬಿಸಿಯೇ ಆಗುವುದಿಲ್ಲ. ಒಳಗಿನ ಕಂಪ್ಯೂಟರು, ಇನ್ನೂ ಬೆಳಗಾಗಿಲ್ಲ ಎಂದುಕೊಂಡು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಪಾಪ, ಅದಕ್ಕೆ ದಿನವಿಡೀ ಬೆಳಗಿನ ಜಾವವೇ. ಪ್ಲಗ್ಗು ಕಪ್ಪಾಗುತ್ತದೆ, ಸೈಲೆನ್ಸರ್ ಪೆಟ್ರೋಲ್ ನಾರುತ್ತದೆ, ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ. ಆ ದೀಪಕ್ಕೆ ನೀವು ಕಪ್ಪು ಟೇಪು ಅಂಟಿಸುತ್ತಿದ್ದಿರಿ.

ನರ್ಸಮ್ಮನ ಬಿಳಿ ಕಾರಿನಲ್ಲಿ ಆದದ್ದು ಇದೇ. ಮನೆಮನೆಗೆ ಹೋಗಿ ಬಾಣಂತಿಯರನ್ನು, ಹಾಸಿಗೆ ಹಿಡಿದವರನ್ನು ನೋಡುವ ಕೆಲಸ ಅವರದು. ಕಾರು ನಿಂತರೆ ಕೆಲಸ ನಿಂತಂತೆ. ಪೆಟ್ರೋಲ್ ಕುಡಿಯುತ್ತದೆಂದು ಮೂರು ಸಲ ಬಂದರು. ಕಾರು ಅವರ ಅಣ್ಣ ಕೊಡಿಸಿದ್ದು. ನಿನಗೆ ಓಡಿಸಲು ಬರುವುದಿಲ್ಲ, ವಾಪಸ್ ಕೊಡು ಎಂದು ಆತ ಪಟ್ಟು ಹಿಡಿದಿದ್ದ. ಮೂರನೆಯ ಸಲ ನೀವು ಬಾನೆಟ್ಟನ್ನೂ ಎತ್ತದೆ ಹೇಳಿದಿರಿ: "ಕಾರಲ್ಲಿ ಏನೂ ಇಲ್ಲಮ್ಮ. ಆಕ್ಸಿಲರೇಟರ್ ಮೇಲೆ ನಿಮ್ಮ ಬಲಗಾಲು ಸ್ವಲ್ಪ ಭಾರ."

ನರ್ಸಮ್ಮ, "ನಾನಿರೋದೇ ನಲವತ್ತೆಂಟು ಕೆಜಿ ಮೇಸ್ತ್ರಿ. ಅದರಲ್ಲಿ ಬಲಗಾಲಿನ ಪಾಲೆಷ್ಟು?" ಎಂದರು.

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಾನು ನಗಲಿಲ್ಲ. ಯಾಕೆಂದರೆ ಆ ಕಾರಿನ ವಾಲ್ವನ್ನು ಕಿತ್ತವಳು ನಾನು. ನನ್ನ ಕೈ ಮಾಡಿದ್ದಕ್ಕೆ ಅವರ ಕಾಲಿಗೆ ಬೈಗುಳ.

ಆ ಭಾನುವಾರ ನೀವು ಬಿಡಿಭಾಗ ತರಲು ಪೇಟೆಗೆ ಹೋದಿರಿ. ನಾನು ಗೋಡೆಯ ತಂತಿ ಬಿಚ್ಚಿಕೊಂಡು ನೇರ ನಿಮ್ಮ ಮನೆಗೆ ಹೋದೆ. ಅತ್ತೆಯ ಅತಿ ದೊಡ್ಡ ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟು, ವಾಲ್ವುಗಳನ್ನು ಐದೈದರಂತೆ ಹಾಕಿದೆ. "ಇದೇನೇ, ಇವತ್ತಿನ ಅಡುಗೆ ಇದೇನಾ?" ಎಂದು ಅತ್ತೆ ಸೊಂಟದ ಮೇಲೆ ಕೈ ಇಟ್ಟು ನಿಂತರು. ನೀರು ಕುದಿಯತೊಡಗಿದಾಗ ಒಂದೊಂದಾಗಿ ಬಾಯಿ ತೆರೆದವು ಮಾವ. ಹಳೆಯವೆಲ್ಲ ಗುಜರಿಗೆ ಹೋಗಿ ತಂತಿಯಲ್ಲಿ ಉಳಿದಿದ್ದ ನಲವತ್ತಮೂರರಲ್ಲಿ ನಲವತ್ತೆರಡು ತೆರೆದವು. ಒಂದೇ ಒಂದು ಮುಚ್ಚಿಕೊಂಡೇ ಉಳಿಯಿತು. ಒಬ್ಬ ಕಳ್ಳನಿಗಾಗಿ ನಲವತ್ತೆರಡು ಮಂದಿ ಮರ್ಯಾದಸ್ಥರನ್ನು ನೀವು ನೇಣಿಗೆ ಹಾಕಿದ್ದಿರಿ.

ಅತ್ತೆ ಸೌಟಿನಿಂದ ಒಂದನ್ನು ಎತ್ತಿ ನೋಡಿದರು. ಎಂಜಿನ್ ಬಿಸಿಯಾಗದಿದ್ದರೆ ಕಾರಿನ ಹೀಟರೂ ಬಿಸಿಯಾಗುವುದಿಲ್ಲ ಎಂದು ನಾನು ವಿವರಿಸುತ್ತಿದ್ದೆ. "ಅಂದ್ರೆ, ಚಳಿಗಾಲ ಬಂತು ಅಂದ್ರೆ ನಾನು ಕಾರಲ್ಲಿ ಕಾಲಿಗೆ ಕಂಬಳಿ ಸುತ್ಕೊಂಡು ಕೂರೋದು ಇದಕ್ಕಾ? ಕಂಪನಿಯವರೇ ಹಾಗೆ ಮಾಡಿದಾರೆ ಅಂತಿದ್ರಲ್ಲೇ ನಿಮ್ಮ ಮಾವ!" ಎಂದರು. ನೀವು ಬರುವ ಮೊದಲೇ ನಾನು ತಂತಿಯನ್ನು ಮತ್ತೆ ಗೋಡೆಗೆ ತೂಗುಹಾಕಿದೆ. ಅವತ್ತು ರಾತ್ರಿ ಊಟಕ್ಕೆ ಅತ್ತೆ ನಿಮ್ಮೊಡನೆ ಮಾತಾಡಲಿಲ್ಲವಂತೆ. ಕಾರಣ ನಿಮಗೆ ಇಂದು ಗೊತ್ತಾಯಿತು.

ಮಂಗಳವಾರ ನೀವು ಊಟಕ್ಕೆ ಹೋದಾಗ ನರ್ಸಮ್ಮನನ್ನು ಕರೆಸಿ ಅವರ ಕಾರಿಗೆ ಹೊಸ ವಾಲ್ವು ಕೂರಿಸಿದೆ. ನಿಮಗೆ ಹೇಳದೆ ಮಾಡಿದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಕೇಳಿದ್ದರೆ ಬಿಡುತ್ತಿದ್ದಿರಾ? ಆದರೆ ಆತುರದಲ್ಲಿ ಒಂದು ತಪ್ಪು ಮಾಡಿದೆ. ವಾಲ್ವಿನ ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ನೊಂದಿರುತ್ತದೆ, ಸಿಕ್ಕಿಕೊಂಡ ಗಾಳಿ ಆಚೆ ಹೋಗುವುದಕ್ಕೆ. ಅದು ಮೇಲ್ಗಡೆ ಬರಬೇಕು. ನಾನು ಕೆಳಗೆ ಮಾಡಿ ಕೂರಿಸಿದೆ. ನೀರು ತುಂಬಿದ ಮೇಲೆ ಗಾಳಿ ತೆಗೆಯಲೂ ಇಲ್ಲ. ನೀವು ಬರುವ ಹೊತ್ತಾಗಿತ್ತು, ಮುಚ್ಚಳ ಹಾಕಿ ಬಾನೆಟ್ ಇಳಿಸಿಬಿಟ್ಟೆ. ಒಂಬತ್ತು ವರ್ಷದಲ್ಲಿ ಕಿತ್ತದ್ದೇ ಹೊರತು ಒಂದು ದಿನವಾದರೂ ಕೂರಿಸಿದ್ದರೆ ತಾನೆ ಕೈಗೆ ಗೊತ್ತಿರುವುದು?

ಮರುದಿನ ಏರುರಸ್ತೆಯ ಅರ್ಧದಲ್ಲಿ ಮೀಟರಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ನರ್ಸಮ್ಮ ಜಾಣೆ, ತಕ್ಷಣ ಎಂಜಿನ್ ಆರಿಸಿ ಪಕ್ಕಕ್ಕೆ ನಿಲ್ಲಿಸಿದರು. ನೀವು ಹಗ್ಗ ಕಟ್ಟಿ ಎಳೆದುಕೊಂಡು ಬಂದಿರಿ. ಬಾನೆಟ್ ಎತ್ತಿದಿರಿ, ನೋಡಿದಿರಿ, ಮುಖದ ಮೇಲೆ ಏನೋ ಗೆದ್ದ ಕಳೆ. ಪಂಕ್ಚರ್ ಅಣ್ಣ, ಪೇಂಟರು, ಮೂರು ಜನ ಟ್ಯಾಕ್ಸಿ ಡ್ರೈವರುಗಳು, ಎಲ್ಲ ಸುತ್ತ ನಿಂತಿದ್ದರು.

"ನೋಡಿದ್ಯಾ ನಿನ್ನ ಕಳ್ಳನ್ನ? ತೆಗಿ ಅದನ್ನ."

"ತೆಗೆಯಲ್ಲ ಮಾವ. ವಾಲ್ವ್ ಸರಿಯಾಗಿದೆ. ಒಳಗೆ ಗಾಳಿ ಸಿಕ್ಕಿಕೊಂಡಿದೆ. ಅದು ನನ್ನ ತಪ್ಪು, ನಾನು ಸರಿಮಾಡ್ತೀನಿ."

"ನಂಗೇ ಪಾಠ ಹೇಳ್ತೀಯೇನೇ?"

"ನೀವೇ ಕಲಿಸಿದ್ದು ಮಾವ. ಮೊದಲು ಕಾರಣ ಹುಡುಕು, ಆಮೇಲೆ ಬಿಚ್ಚು ಅಂತ."

"ತಪ್ಪಾಯ್ತು ಅನ್ನು, ಇಲ್ಲಾಂದ್ರೆ ಆ ಕೋಟು ಬಿಚ್ಚಿಡು."

ಗ್ಯಾರೇಜಿನ ನೀಲಿ ಕೋಟು ಬಿಚ್ಚಿದೆ, ಮಡಚಿ ಮೇಜಿನ ಮೇಲಿಟ್ಟೆ. ಕಥೆಯಲ್ಲಿ ನಾನು ಅಳುತ್ತೇನಂತೆ. ಅತ್ತಿರಲಿಲ್ಲ. ನೀವು ಬೇರೆ ಕಡೆ ನೋಡುತ್ತಿದ್ದಿರಿ. ಆಗ ನರ್ಸಮ್ಮ ಅಂದರು, "ಮೇಸ್ತ್ರಿ, ನನ್ನ ಕಾರಿನ ಕೀ ಅವಳ ಕೈಗೆ ಕೊಡಿ." ನೀವು ಕೊಟ್ಟಿರಿ. ಎಸೆಯಲಿಲ್ಲ, ಕೈಗೇ ಕೊಟ್ಟಿರಿ. ಅದನ್ನು ಯಾರೂ ಕಥೆಯಲ್ಲಿ ಹೇಳುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಕಾರು ಹಗ್ಗದಲ್ಲೇ ನರ್ಸಮ್ಮನ ಅಂಗಳಕ್ಕೆ ಹೋಯಿತು. ಮರುದಿನ ನಾನು ಅಲ್ಲಿ ಪಿನ್ನು ಮೇಲೆ ಮಾಡಿ ಕೂರಿಸಿ, ಮುಂದಿನ ಚಕ್ರಗಳನ್ನು ಎತ್ತರದ ಹಲಗೆಯ ಮೇಲೆ ಹತ್ತಿಸಿ, ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ತಿರುಗಿಸಿ ಎಂಜಿನ್ ಓಡಿಸಿದೆ. ಗುಳುಗುಳು ಎಂದು ಗುಳ್ಳೆ ಬಂದವು, ಬಂದವು, ಕೊನೆಗೆ ನಿಂತವು. ಮುಳ್ಳು ಮಧ್ಯಕ್ಕೆ ಬಂದು ಕೂತಿತು. ಎಂಟು ತಿಂಗಳಾಯಿತು, ಇನ್ನೂ ಅಲ್ಲೇ ಕೂತಿದೆ. ನರ್ಸಮ್ಮನ ಅಣ್ಣ ಈಗ ಕಾರು ವಾಪಸ್ ಕೊಡು ಎನ್ನುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇದು ನೀವೇ ಒಂದು ಸಲ, ಗಿರಾಕಿಗಳಿಲ್ಲದ ಮಧ್ಯಾಹ್ನ, ಗೇರ್ ಬಾಕ್ಸ್ ತೊಳೆಯುತ್ತ ನನಗೆ ಹೇಳಿದ್ದು. ನಿಮಗಾಗ ಇಪ್ಪತ್ತೆರಡು. ನಿಮಗೆ ಕೆಲಸ ಕಲಿಸಿದ ದೊಡ್ಡ ಮೇಸ್ತ್ರಿಯ ಗ್ಯಾರೇಜಿನಲ್ಲಿದ್ದಿರಿ. ಅವರ ಸ್ವಂತ ಕಾರನ್ನು ಓಡಿಸಿಕೊಂಡು ಹೋಗುವಾಗ ವಾಲ್ವು ಮುಚ್ಚಿಕೊಂಡು ಎಂಜಿನ್ ಸುಟ್ಟುಹೋಯಿತು. "ನೀರು ನೋಡ್ದೆ ಹೊರಟಿದೀಯ" ಎಂದರು. ನೀವು ನೋಡಿದ್ದಿರಿ. ಎರಡೆರಡು ಸಲ ನೋಡಿದ್ದಿರಿ. ಆದರೂ ಹನ್ನೊಂದು ಜನ ಕೆಲಸಗಾರರ ಮುಂದೆ ನಿಮ್ಮ ಬಾಯಿಂದ "ತಪ್ಪಾಯ್ತು" ಅನ್ನಿಸಿದರು. ಹೊಟ್ಟೆಪಾಡಿಗಾಗಿ ನೀವೂ ಅಂದುಬಿಟ್ಟಿರಿ. ಎಂಜಿನ್ ಬಿಚ್ಚಿದಾಗ ಮುಚ್ಚಿಕೊಂಡ ವಾಲ್ವು ಸಿಕ್ಕಿತು. ತೋರಿಸಲು ಹೋದರೆ ಯಾರೂ ತಿರುಗಿ ನೋಡಲಿಲ್ಲ. ಇಷ್ಟು ಹೇಳಿ ನೀವು ಅರ್ಧ ಗಂಟೆ ಒಂದೇ ಹಲ್ಲುಚಕ್ರವನ್ನು ತೊಳೆದಿರಿ.

ಮಾಡದ ತಪ್ಪನ್ನು ಒಪ್ಪಿಕೊಂಡರೆ ಏನಾಗುತ್ತದೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಮಾವ? ಆ ಸುಳ್ಳು ಮಾತು ನಿಮ್ಮ ಗಂಟಲಲ್ಲಿ ಸಿಕ್ಕಿಕೊಂಡಿತು. ದೊಡ್ಡ ಮೇಸ್ತ್ರಿಯ ಮೇಲಿನ ಸಿಟ್ಟನ್ನು ನೀವು ಮೂವತ್ತೈದು ವರ್ಷ ಕಂಡಕಂಡ ಕಾರಿನ ಮೇಲೆ ತೀರಿಸಿಕೊಂಡಿರಿ. ನಾಳೆ ನಾನು ಬಂದು ಅದೇ ಮಾತನ್ನು ಅಂದು ಬೀಗದಕೈ ತೆಗೆದುಕೊಂಡರೆ, ಮುಂದಿನ ಮೂವತ್ತೈದು ವರ್ಷ ನಾನು ಯಾವ ಕಾರಿನಿಂದ ಏನನ್ನು ಕೀಳುತ್ತ ಕೂರಬೇಕು? ನಿಮ್ಮ ಬಾಯಲ್ಲಿ ತುರುಕಿದ್ದನ್ನು ನೀವು ನನ್ನ ಬಾಯಲ್ಲಿ ತುರುಕಬೇಡಿ. ನಾನು ಉಗುಳಿಬಿಡುತ್ತೇನೆ.

ಗಾಳಿಯದು ನನ್ನ ತಪ್ಪು. ನಾಲ್ಕು ಜನರ ಮುಂದೆ ಬೇಕಾದರೆ ನಲವತ್ತು ಜನರ ಮುಂದೆ ಹೇಳುತ್ತೇನೆ. ವಾಲ್ವಿನದು ಅಲ್ಲ. ಗೋಡೆಯಿಂದ ಆ ತಂತಿ ಇಳಿಯಲಿ, ಬಂದ ಕಾರಿಗೆಲ್ಲ ವಾಲ್ವು ಮತ್ತೆ ಬೀಳಲಿ, ಹಳದಿ ದೀಪದ ಮೇಲಿನ ಟೇಪು ಹೋಗಲಿ. ಆಗ ಬೀಗದಕೈ ಕೊಡಿ, ಅದೇ ದಿನ ಬರುತ್ತೇನೆ. ಅಲ್ಲಿಯವರೆಗೆ ಮರದ ಡಿಪೋ ಹಿಂದೆ ನಾನು ಹಾಕಿಕೊಂಡಿರುವ, ಎರಡೇ ಕಾರು ಹಿಡಿಸುವ ರಿಪೇರಿ ಶೆಡ್ಡು ನನಗೆ ಸಾಕು. ತಗಡು ಸುಡುತ್ತದೆ, ನಿಜ. ಆದರೆ ಅಲ್ಲಿ ಯಾರೂ ಕೋಟು ಬಿಚ್ಚಿಡು ಎನ್ನುವುದಿಲ್ಲ.

ಇನ್ನು ಇವತ್ತು ಬೆಳಿಗ್ಗೆ ನಿಮ್ಮ ಗ್ಯಾರೇಜಿನ ಮುಂದೆ ನೀವು ಕಂಡದ್ದರ ಅರ್ಥ ಹೇಳಿಬಿಡುತ್ತೇನೆ.

ನಿನ್ನೆ ಸಂಜೆ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿದ್ದೆ. ಪಂಕ್ಚರ್ ಅಣ್ಣ ಡ್ರೈವರುಗಳನ್ನು ಕೂರಿಸಿಕೊಂಡು ಅದೇ ಕಥೆ ಹೇಳುತ್ತಿದ್ದ. ನಾನು ಹಿಂದೆ ನಿಂತು ಕೇಳಿದೆ. ನಾನು ನಿಮ್ಮ ಕಾಲಿಗೆ ಬೀಳುವ ಜಾಗ ಬಂತು. "ಅಣ್ಣಾ, ಯಾವ ಕಾಲು? ಎಡಗಾಲೋ ಬಲಗಾಲೋ?" ಎಂದೆ. ಆತ ಬೆಚ್ಚಿ ಎದ್ದು ನಿಂತ. "ಬಾರವ್ವಾ, ನೀನೇ ಹೇಳು ಹಾಗಾದ್ರೆ" ಎಂದು ಸ್ಟೂಲು ಬಿಟ್ಟುಕೊಟ್ಟ. ಹೇಳಿದೆ. ಇಲ್ಲಿ ಬರೆದದ್ದನ್ನೇ ಹೇಳಿದೆ, ಪಿನ್ನು ಉಲ್ಟಾ ಹಾಕಿದ್ದನ್ನೂ ಬಿಡಲಿಲ್ಲ. ದೊಡ್ಡ ಮೇಸ್ತ್ರಿಯ ಸಂಗತಿಯನ್ನು ಮಾತ್ರ ಹೇಳಲಿಲ್ಲ. ಅದು ನಿಮ್ಮದು. ಹೂಂ ಹೂಂ ಎನ್ನುತ್ತಿದ್ದವರೆಲ್ಲ ಕೊನೆಗೆ ಒಟ್ಟಿಗೇ ಕೇಳಿದರು, "ನಮ್ಮ ಗಾಡೀಲಿ ಇದೆಯೋ ಇಲ್ವೋ ಗೊತ್ತಾಗೋದು ಹೇಗೆ?" ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಎಂಜಿನ್ ಬೇಕು, ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಪೈಪು ಮುಟ್ಟುತ್ತ ಕೂತರೆ ಗೊತ್ತಾಗುತ್ತದೆ, ವಾಲ್ವಿದ್ದರೆ ಪೈಪು ತಣ್ಣಗೇ ಇದ್ದು ಒಮ್ಮೆಲೇ ಬಿಸಿಯಾಗುತ್ತದೆ, ಇಲ್ಲದಿದ್ದರೆ ಮೊದಲಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತದೆ, ಒಂದು ಸಲ ಓಡಿಸಿದ್ದರೂ ಪ್ರಯೋಜನವಿಲ್ಲ, ಎಂದೆ. ಬೆಳಿಗ್ಗೆ ನಾನೇ ಸ್ಟ್ಯಾಂಡಿಗೆ ಬರುತ್ತೇನೆ ಎನ್ನುವಷ್ಟರಲ್ಲಿ ಎಲ್ಲರೂ ಎದ್ದು ಹೋಗಿದ್ದರು.

ಇವತ್ತು ಶೆಡ್ಡಿನ ಬಾಗಿಲು ತೆಗೆದು ನೋಡುತ್ತೇನೆ, ಒಂಬತ್ತು ಕಾರು ಸಾಲಾಗಿ ಬರುತ್ತಿವೆ. ಒಂದರದ್ದೂ ಸದ್ದಿಲ್ಲ. ಎಂಜಿನ್ ತಣ್ಣಗಿರಲಿ ಎಂದು ಪುಣ್ಯಾತ್ಮರು ಸ್ಟ್ಯಾಂಡಿನಿಂದ ತಳ್ಳಿಕೊಂಡೇ ಬಂದಿದ್ದಾರೆ! ಅದೂ ನಿಮ್ಮ ಗ್ಯಾರೇಜಿನ ಮುಂದಿನ ಏರು ಹತ್ತಿ. ಬೆವರು ಸುರಿಯುತ್ತಿದೆ, ಮುಖದಲ್ಲಿ ಏನೋ ದೊಡ್ಡ ಕೆಲಸ ಮಾಡಿದ ಗತ್ತು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಒಂದೊಂದಾಗಿ ನೋಡಿದೆ. ಒಂಬತ್ತರಲ್ಲಿ ಎಂಟಕ್ಕೆ ವಾಲ್ವಿಲ್ಲ. ಎಂಟೂ ನಿಮ್ಮದೇ ಕೈಕೆಲಸ. ವಾಲ್ವಿನ ಜಾಗದ ಮುಚ್ಚಳದಡಿ ಸೋರದಂತೆ ಇಡುವ ಕಾಗದದ ಗ್ಯಾಸ್ಕೆಟ್ಟನ್ನು ಅಷ್ಟು ಚೊಕ್ಕವಾಗಿ ಕತ್ತರಿಸುವವರು ಈ ಊರಲ್ಲಿ ಇನ್ನೊಬ್ಬರಿಲ್ಲ.

ಕೊನೆಯಲ್ಲಿ ಬಂದವರು ಎಲ್ಲರಿಗಿಂತ ಹಿರಿಯ ಡ್ರೈವರು. ಒಂದು ಕೈ ಸ್ಟಿಯರಿಂಗ್ ಮೇಲೆ, ಭುಜ ಬಾಗಿಲಿಗೆ ಕೊಟ್ಟು ಒಬ್ಬರೇ ತಳ್ಳಿಕೊಂಡು ಬಂದರಂತೆ. ಏರಿನ ನಡುವೆ ಶಕ್ತಿ ಮುಗಿದು ಕಾರು ಹಿಂದಕ್ಕೆ ಜಾರತೊಡಗಿತಂತೆ. ಇದ್ದಕ್ಕಿದ್ದಂತೆ ಹಗುರವಾಯಿತಂತೆ. ಮುಂದೆ ಹೋದವರಲ್ಲಿ ಯಾರೋ ವಾಪಸ್ ಬಂದರೆಂದುಕೊಂಡು ಕನ್ನಡಿಯಲ್ಲಿ ನೋಡಿದರೆ, ಡಿಕ್ಕಿಗೆ ಎರಡೂ ಕೈ ಕೊಟ್ಟು ತಲೆ ತಗ್ಗಿಸಿ ತಳ್ಳುತ್ತಿದ್ದವರು ನೀವು. ಉಳಿದವರೆಲ್ಲ ಹೋದ ಮೇಲೆ ನನ್ನೊಬ್ಬಳ ಕಿವಿಗೆ ಹೇಳಿದರು. "ಏನಾದ್ರೂ ಅಂದ್ರಾ?" ಎಂದು ಕೇಳಿದೆ. "ಏನೂ ಇಲ್ಲಮ್ಮ. ಏರು ಮುಗೀತಿದ್ದ ಹಾಗೇ ಕೈ ಒರೆಸ್ಕೊಂಡು ತಿರುಗಿ ಹೋದ್ರು" ಎಂದರು.

ಇದನ್ನು ನಾನು ನಿಮ್ಮ ಸೋಲೆಂದು ಯಾರಿಗೂ ಹೇಳುವುದಿಲ್ಲ. ಈ ಕಾಗದವನ್ನು ನೀವೂ ನನ್ನ ಕ್ಷಮಾಪಣೆ ಎಂದು ಯಾರಿಗೂ ತೋರಿಸಬೇಡಿ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ನಾಳೆ ಬಹಳ ನೋಯುತ್ತದೆ. ನೂರು ಕಾಲ ಚೆನ್ನಾಗಿರಿ, ನನ್ನೊಡನೆ ಜಗಳವಾಡುವುದಕ್ಕಾದರೂ.

ಇಂತಿ,
ನಿಮ್ಮ ಕೈಯಲ್ಲೇ ಪಳಗಿದ, ನಿಮಗೆ ಬಗ್ಗದ
ತಂಗಿಯ ಮಗಳು